ಎರಡು ಬ್ರೆಡ್ಡಿನ ನಡುವೆ

ಮಗಳ ಟಿಫಿನ್ ಡಬ್ಬಿ ಮೂರನೇ ದಿನವೂ ತುಂಬಿಯೇ ಮರಳಿ ಬಂತು.

ಸೋಮವಾರ "ಹಸಿವಿರಲಿಲ್ಲ" ಎಂದಿದ್ದಳು. ಮಂಗಳವಾರ "ತಿನ್ನಲಿಕ್ಕೆ ಸಮಯ ಸಿಗಲಿಲ್ಲ" ಎಂದಳು. ಬುಧವಾರ ಏನೂ ಹೇಳದೆ ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಯೂನಿಫಾರ್ಮ್ ಬದಲಾಯಿಸಲು ಹೋದಳು. ಮುಚ್ಚಳ ತೆರೆದು ನೋಡಿದೆ. ಬೆಳಿಗ್ಗೆ ಏಳೂವರೆಗೆ ನಾನು ಕಟ್ಟಿಕೊಟ್ಟಿದ್ದ ಮೊಟ್ಟೆಯ ಸ್ಯಾಂಡ್‌ವಿಚ್ ಇಟ್ಟ ಹಾಗೆಯೇ ಇತ್ತು. ಒಂದು ಮೂಲೆಯಲ್ಲಿ ಮಾತ್ರ ಸಣ್ಣದಾಗಿ ಕಚ್ಚಿದ ಗುರುತು.

ಸಹೋದರಿಯರೇ, ಟಿಫಿನ್ ತುಂಬಿ ಮರಳಿ ಬಂದರೆ ಯಾವ ತಾಯಿಗೂ ಬೇಸರವಾಗುತ್ತದೆ. ಆದರೆ ನನಗಾದದ್ದು ಬೇಸರವಲ್ಲ, ಭಯ. ಆರನೇ ತರಗತಿಯ ಹುಡುಗಿ. ಈ ವರ್ಷವಷ್ಟೇ ಹೊಸ ಶಾಲೆಗೆ ಸೇರಿದ್ದಾಳೆ. ಡಬ್ಬಿಯಲ್ಲಿದ್ದದ್ದು ಮೊಟ್ಟೆ. ಯಾರೋ ಏನೋ ಅಂದಿರಬೇಕು ಎಂದು ನನ್ನ ಮನಸ್ಸು ತಾನಾಗಿಯೇ ತೀರ್ಮಾನಿಸಿಬಿಟ್ಟಿತು. ಅದಕ್ಕೊಂದು ಕಾರಣವಿದೆ.

ನಾನು ಏಳನೇ ತರಗತಿಯಲ್ಲಿದ್ದಾಗ ಉಪ್ಪ ಘಟ್ಟದ ಮೇಲೆ ವ್ಯಾಪಾರ ಮಾಡುತ್ತಿದ್ದರು. ನಾವೂ ಅಲ್ಲೇ ಇದ್ದೆವು. 2000ದ ಮಾರ್ಚ್ ತಿಂಗಳಲ್ಲಿ ಬಕ್ರೀದ್ ಬಂದಿತ್ತು. ಹಬ್ಬದ ಮಾಂಸದಲ್ಲಿ ಉಮ್ಮ ಖೀಮಾ ಹುರಿದಿದ್ದರು. ಕರಿಮೆಣಸು, ಶುಂಠಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಕೊನೆಗೆ ನಿಂಬೆಹುಳಿ. ಅದನ್ನು ಎರಡು ಬ್ರೆಡ್ಡಿನ ನಡುವೆ ಇಟ್ಟು, ಕಾವಲಿಯಲ್ಲಿ ತುಪ್ಪ ಸವರಿ ಕೆಂಪಗೆ ಮಾಡಿ ನನ್ನ ಡಬ್ಬಿಗೆ ಹಾಕಿದರು. ಆಗಿನ ಕಾಲಕ್ಕೆ ನಮ್ಮ ಮನೆಯಲ್ಲಿ ಬ್ರೆಡ್ ಎಂದರೆ ಜ್ವರ ಬಂದವರಿಗೆ ಮಾತ್ರ. ಆರೋಗ್ಯವಾಗಿರುವಾಗ ಬ್ರೆಡ್ ಸಿಗುವುದೆಂದರೆ, ಅದರೊಳಗೆ ಖೀಮಾ ಇರುವುದೆಂದರೆ ಸಣ್ಣ ಸಂಗತಿಯಲ್ಲ.

ಮಧ್ಯಾಹ್ನ ಡಬ್ಬಿಯ ಮುಚ್ಚಳ ತೆರೆದೆ. ಪಕ್ಕದ ಹುಡುಗಿ ಮೂಗಿಗೆ ಕೈ ಹಿಡಿದಳು. ಬೆಂಚಿನಲ್ಲಿದ್ದ ಉಳಿದ ಇಬ್ಬರು ತಮ್ಮ ಡಬ್ಬಿ ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋದರು. ಟೀಚರ್ ಗದರಲಿಲ್ಲ. ಮೆಲ್ಲಗೆ, ಪ್ರೀತಿಯಿಂದಲೇ, "ನಾಳೆಯಿಂದ ಇಂಥದ್ದು ತರಬೇಡಮ್ಮ, ಬೇರೆಯವರಿಗೆ ಆಗುವುದಿಲ್ಲ" ಎಂದರು. ಗದರಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು. ನಾನು ಡಬ್ಬಿ ಹಿಡಿದು ನಲ್ಲಿಯ ಹತ್ತಿರ ಹೋದೆ. ತಿನ್ನಲಾಗಲಿಲ್ಲ. ಕಾಂಪೌಂಡಿನ ಆಚೆ ಕಾಗೆಗಳಿಗೆ ಹಾಕಿದೆ.

ಖಾಲಿ ಡಬ್ಬಿ ನೋಡಿ ಉಮ್ಮನಿಗೆ ಎಷ್ಟು ಸಂತೋಷವಾಯಿತೆಂದರೆ ಮರುದಿನವೂ ಅದನ್ನೇ ಕಟ್ಟಿದರು. ಅದರ ಮರುದಿನವೂ. ಮೂರು ದಿನವೂ ಕಾಗೆಗಳಿಗೆ ಹಬ್ಬ. ನಾಲ್ಕನೇ ದಿನ "ಉಮ್ಮಾ, ಜಾಮ್ ಸಾಕು" ಎಂದೆ. ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಜಾಮ್ ಬಿಟ್ಟು ಬೇರೇನನ್ನೂ ಬ್ರೆಡ್ಡಿನ ನಡುವೆ ಶಾಲೆಗೆ ಒಯ್ಯಲಿಲ್ಲ.

ಆದ್ದರಿಂದ ಗುರುವಾರ ಬೆಳಿಗ್ಗೆ ನಾನು ಒಂದು ಮಾತೂ ಆಡದೆ ಮಗಳ ಡಬ್ಬಿಗೆ ಜಾಮ್ ಸ್ಯಾಂಡ್‌ವಿಚ್ ಹಾಕಿದೆ. ಅದೂ ಅರ್ಧ ಉಳಿದು ಬಂತು! ಶಾಲೆಗೆ ಹೋಗಿ ಟೀಚರನ್ನು ಕಂಡು ಮಾತನಾಡುವುದೇ ಸರಿ ಎಂದು ಇವರಲ್ಲಿ ಹೇಳಿದೆ. "ಮೊದಲು ಅವಳಲ್ಲಿ ಕೇಳಿದೆಯಾ?" ಎಂದರು. ಕೇಳಿರಲಿಲ್ಲ. ರಾತ್ರಿ ಜಡೆ ಹೆಣೆಯುವಾಗ ಕೇಳಿದೆ, "ಶಾಲೆಯಲ್ಲಿ ಯಾರಾದರೂ ಏನಾದರೂ ಅಂದರಾ ಮಗಳೇ, ಟಿಫಿನ್ ನೋಡಿ?"

"ಯಾರು ಅನ್ನುವುದು? ಎಂಥ ಅನ್ನುವುದು?" ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ನಂತರ ಹೇಳಿದಳು, "ಉಮ್ಮಾ, ಬೇಜಾರು ಮಾಡಬೇಡಿ. ನೀವು ಮಾಡುವ ಸ್ಯಾಂಡ್‌ವಿಚ್ ಇಂಟರ್ವಲ್ ಆಗುವಾಗ ಪಿಚಿಪಿಚಿ ಆಗಿರ್ತದೆ. ಹಿಡಿದರೆ ಕೈಗೆ ಅಂಟ್ತದೆ. ಮೊಟ್ಟೆಯದ್ದು ನಾರ್ತದೆ ಬೇರೆ."

ಅಲ್‌ಹಮ್ದುಲಿಲ್ಲಾಹ್ ಎಂದು ನಿಟ್ಟುಸಿರು ಬಿಟ್ಟೆ. ಮರುಕ್ಷಣವೇ ಮುಖ ಕೆಂಪಾಯಿತು. ಮದುವೆಯಾಗಿ ಹದಿನಾರು ವರ್ಷಗಳಿಂದ ಒಲೆಯ ಮುಂದೆ ನಿಂತವಳು ನಾನು. ಬಿರಿಯಾನಿ ಮಾಡಿದರೆ ನೆರೆಮನೆಯವರೂ ಹೊಗಳುತ್ತಾರೆ. ಎರಡು ತುಂಡು ಬ್ರೆಡ್ಡಿಗೆ ಸೋತೆನೇ?

ಸೋತದ್ದು ನಿಜ. ಸ್ಯಾಂಡ್‌ವಿಚ್ ಅನ್ನು ನಾವು ಅಡುಗೆಯೆಂದೇ ಎಣಿಸುವುದಿಲ್ಲ. ಬೆಳಿಗ್ಗೆ ತಡವಾದರೆ ಸ್ಯಾಂಡ್‌ವಿಚ್, ಗ್ಯಾಸ್ ಮುಗಿದರೆ ಸ್ಯಾಂಡ್‌ವಿಚ್. ರುಚಿಯಾದ ಸ್ಯಾಂಡ್‌ವಿಚ್ ಯಾವುದು, ಯಾಕೆ ರುಚಿ ಎಂದು ನಾನು ಆವರೆಗೆ ಯೋಚಿಸಿಯೇ ಇರಲಿಲ್ಲ. ಮರುದಿನದಿಂದ ಸಿಕ್ಕವರಲ್ಲೆಲ್ಲ ಕೇಳತೊಡಗಿದೆ: ನಿಮಗೆ ಎಲ್ಲಕ್ಕಿಂತ ಇಷ್ಟದ ಸ್ಯಾಂಡ್‌ವಿಚ್ ಯಾವುದು?

ಮೊದಲು ಸಿಕ್ಕಿದ್ದು ಮನೆಯ ಯಜಮಾನರು. ಅವರ ಉತ್ತರಕ್ಕೆ ಒಂದು ಕ್ಷಣವೂ ಬೇಕಾಗಲಿಲ್ಲ. ಬಸ್‌ಸ್ಟ್ಯಾಂಡಿನ ಗಾಡಿಯ ಬ್ರೆಡ್ ಆಮ್ಲೆಟ್. ಎರಡು ಮೊಟ್ಟೆ, ಈರುಳ್ಳಿ, ಹಸಿಮೆಣಸು ಹಾಕಿ ಕಾವಲಿಗೆ ಹೊಯ್ದು, ಅದು ಹಸಿ ಇರುವಾಗಲೇ ಮೇಲೆ ಬ್ರೆಡ್ ಒತ್ತಿ ಮಗುಚಿ ಹಾಕುತ್ತಾರಲ್ಲ, ಅದು. "ಮನೆಯಲ್ಲಿ ಅದೇ ಮೊಟ್ಟೆ, ಅದೇ ಬ್ರೆಡ್ಡು, ಆ ರುಚಿ ಮಾತ್ರ ಬರುವುದಿಲ್ಲ" ಎಂದರು. ಬರುವುದು ಹೇಗೆ? ಅವರು ಅದನ್ನು ತಿನ್ನುವುದು ರಾತ್ರಿ ಹತ್ತರ ಹಸಿವಿನಲ್ಲಿ, ಕಾವಲಿಯಿಂದ ಇಳಿದ ಎರಡನೇ ನಿಮಿಷಕ್ಕೆ, ಕಾಗದದ ತುಂಡಿನಲ್ಲಿ. ಮನೆಯಲ್ಲಿ ನಾನು ಮಾಡಿಟ್ಟರೆ ಫೋನಿನಲ್ಲಿ ಮಾತು ಮುಗಿಸಿ ಬರುವಾಗ ಹತ್ತು ನಿಮಿಷ. ಬಿಸಿ ಸ್ಯಾಂಡ್‌ವಿಚ್ ಕಾಯುವುದಿಲ್ಲ. ಒಳಗಿನ ಹಬೆ ಹೊರಗೆ ಬರಲಾಗದೆ ಬ್ರೆಡ್ಡನ್ನೇ ನೆನೆಸಿಬಿಡುತ್ತದೆ.

ಅತ್ತೆಯಲ್ಲಿ ಕೇಳಿದರೆ ನಕ್ಕರು. "ನನಗೆಂಥ ಸ್ಯಾಂಡ್‌ವಿಚ್? ಬೇಕರಿಯ ಬನ್ನು ಸೀಳಿ ಬೆಣ್ಣೆ ಸವರಿ ಸಕ್ಕರೆ ಉದುರಿಸಿ ಕೊಡು, ಜೊತೆಗೆ ಒಂದು ಲೋಟ ಕಟ್ಟನ್ ಚಾಯ." ಇದು ಅಸಲಿಗೆ ಸ್ಯಾಂಡ್‌ವಿಚ್ಚೇ. ಮುಂಬೈಯ ಇರಾನಿ ಹೋಟೆಲುಗಳಲ್ಲಿ ಸಕ್ಕರೆ ಬಿಟ್ಟು ಇದನ್ನೇ ಬನ್ ಮಸ್ಕಾ ಎಂದು ಹೆಸರಿಟ್ಟು ಚಹಾದ ಜೊತೆ ಕೊಡುತ್ತಾರೆ. ಮೆತ್ತಗಿನ ಬನ್ನು, ಉಪ್ಪು ಬೆಣ್ಣೆ, ಸಿಹಿ ಚಹಾ. ಉಪ್ಪೂ ಸಿಹಿಯೂ ಒಂದೇ ತುತ್ತಿನಲ್ಲಿ ಸಿಗುವುದೇ ಅದರ ಗುಟ್ಟು. ಅತ್ತೆ ಬನ್ನನ್ನು ಚಹಾದಲ್ಲಿ ಅದ್ದಿ ತಿನ್ನುತ್ತಾರೆ. ಮೇಲೆ ತೇಲುವ ಬೆಣ್ಣೆಯ ಹನಿ ನೋಡಿದರೆ ಮೊದಲೆಲ್ಲ ನನಗೆ ಕಸಿವಿಸಿಯಾಗುತ್ತಿತ್ತು. ಈಗ ನಾನೂ ಹಾಗೆಯೇ ತಿನ್ನುತ್ತೇನೆ.

ಶಾರ್ಜಾದಲ್ಲಿರುವ ತಮ್ಮನಿಗೆ ಫೋನ್ ಮಾಡಿದಾಗ ಅವನು ಹೇಳಿದ್ದು ಕೇಳಿ ಹುಡುಗಾಟ ಮಾಡುತ್ತಿದ್ದಾನೆಂದೇ ಎಣಿಸಿದೆ. ಪರೋಟಾದ ಮೇಲೆ ಕ್ರೀಮ್ ಚೀಸ್ ಹಚ್ಚಿ, ಚಿಪ್ಸ್ ಒಮಾನ್ ಎಂಬ ಖಾರದ ಆಲೂಗಡ್ಡೆ ಚಿಪ್ಸನ್ನು ಪ್ಯಾಕೆಟ್ಟಿನಲ್ಲೇ ಪುಡಿ ಮಾಡಿ ಸುರಿದು, ಚಿಲ್ಲಿ ಸಾಸ್ ಹಾಕಿ ಸುತ್ತಿ ಕೊಡುತ್ತಾರಂತೆ. ಯುಎಇ ಮತ್ತು ಒಮಾನಿನ ಸಣ್ಣ ಕೆಫೆಟೇರಿಯಾಗಳಲ್ಲಿ ಇದಕ್ಕೆ ಬಹಳ ಬೇಡಿಕೆ. ಅಲ್ಲಿನ ಮಕ್ಕಳಿಗೂ ಪ್ರಿಯ, ಕೆಲಸ ಮುಗಿಸಿ ಬರುವ ನಮ್ಮ ಹುಡುಗರಿಗೂ ಪ್ರಿಯ. ಜೊತೆಗೆ ಏಲಕ್ಕಿ ಹಾಕಿದ ಗಟ್ಟಿ ಕರಕ್ ಚಹಾ. ಆ ಅಂಗಡಿಗಳಲ್ಲಿ ಪರೋಟಾ ತಟ್ಟುವವರಲ್ಲಿ ಹೆಚ್ಚಿನವರು ಮಲಯಾಳಿಗಳು. "ಪರೋಟಾ ಮೆತ್ತಗೆ, ಚಿಪ್ಸ್ ಕುರುಕುರು. ಬಾಯಿಗೆ ಎರಡೂ ಒಟ್ಟಿಗೆ ಬರಬೇಕು ಅಕ್ಕ" ಎಂದ. ರಜೆಯಲ್ಲಿ ಬಂದಾಗ ಮಾಡಿಕೊಟ್ಟ. ನಾವು ಮಾತನಾಡುತ್ತಾ ಹದಿನೈದು ನಿಮಿಷ ಬಿಟ್ಟು ತಿಂದೆವು. ಚಿಪ್ಸ್ ಚೀಸಿನ ತೇವ ಹೀರಿ ಮೆತ್ತಗಾಗಿತ್ತು. "ಹೀಗೆ ತಿಂದರೆ ಎಂಥ ಉಂಟು ಅದರಲ್ಲಿ?" ಎಂದು ಗೊಣಗಿದ. ಅವನದ್ದೂ ಮಗಳದ್ದೂ ದೂರು ಒಂದೇ.

ಹಾಗಾದರೆ ನೆನೆಯುವುದೇ ತಪ್ಪೇ? ಹಾಗೂ ಅಲ್ಲ. ಕೋರಿ ರೊಟ್ಟಿಯನ್ನು ನೋಡಿ. ಗರಿಗರಿ ಅಕ್ಕಿ ರೊಟ್ಟಿಯನ್ನು ಮುರಿದು ಬಟ್ಟಲಿಗೆ ಹಾಕಿ, ಕೋಳಿ ಸಾರು ಹೊಯ್ದು, ನೆನೆದ ಮೇಲೆಯೇ ನಾವು ತಿನ್ನುವುದು. ಅರಬರ ಸರೀದ್ ಕೂಡಾ ಹಾಗೆಯೇ, ಮಾಂಸದ ಸಾರಿನಲ್ಲಿ ನೆನೆದ ರೊಟ್ಟಿ. ಆಯಿಶಾ(ರ)ರ ಹಿರಿಮೆಯನ್ನು ಹೇಳುವಾಗ ಪ್ರವಾದಿವರ್ಯರು(ಸ) ಇತರ ಆಹಾರಗಳ ನಡುವೆ ಸರೀದ್‌ಗಿರುವ ಸ್ಥಾನಕ್ಕೆ ಅದನ್ನು ಹೋಲಿಸಿದ್ದು ಹದೀಸ್‌ನಲ್ಲಿದೆ. ಒಲೆಯ ಬಳಿ ಕುಳಿತು ಆಗಲೇ ತಿನ್ನುವುದಕ್ಕೆ ನೆನೆಯುವುದೇ ರುಚಿ. ಬಿಸಿ ಸಾರಿನಲ್ಲಿ ನೆನೆದ ರೊಟ್ಟಿಗೂ ಟೊಮೆಟೊ ನೀರಿನಲ್ಲಿ ತಣ್ಣಗೆ ನೆನೆದ ಬ್ರೆಡ್ಡಿಗೂ ಅಜಗಜಾಂತರ.

ರೊಟ್ಟಿಯ ಜೊತೆ ನೆಂಚಿಕೊಳ್ಳುವ ಯಾವುದಕ್ಕೂ ಅರಬಿಯಲ್ಲಿ ಇದಾಮ್ ಎಂಬ ಒಂದೇ ಶಬ್ದವಿದೆ. ಒಮ್ಮೆ ಪ್ರವಾದಿವರ್ಯರು(ಸ) ಜಾಬಿರ್(ರ)ರ ಕೈ ಹಿಡಿದು ಮನೆಗೆ ಕರೆದುಕೊಂಡು ಹೋದರು. ರೊಟ್ಟಿ ಬಂತು. ಇದಾಮ್ ಏನಾದರೂ ಇದೆಯೇ ಎಂದು ಕೇಳಿದರು. ಸ್ವಲ್ಪ ಸಿರ್ಕಾ ಬಿಟ್ಟರೆ ಬೇರೇನೂ ಇಲ್ಲ ಎಂಬ ಉತ್ತರ ಬಂತು. ಅವರು ಅದನ್ನೇ ತರಿಸಿ, ಸಿರ್ಕಾ ಒಳ್ಳೆಯ ಇದಾಮ್ ಎಂದು ಮೆಚ್ಚಿ ತಿಂದರು. ಆ ಮಾತು ಕೇಳಿದಂದಿನಿಂದ ತನಗೂ ಸಿರ್ಕಾ ಇಷ್ಟವಾಯಿತು ಎಂದು ಜಾಬಿರ್(ರ) ಹೇಳಿದ್ದಾರೆ. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಘಟನೆಯನ್ನು ಓದಿದಾಗಲೆಲ್ಲ ನಾನು ಮನೆಯೊಳಗಿದ್ದು ಆ ಉತ್ತರ ಕೊಟ್ಟವರ ಬಗ್ಗೆ ಯೋಚಿಸುತ್ತೇನೆ. ಅತಿಥಿ ಬಂದಾಗ ಮನೆಯಲ್ಲಿ ಏನೂ ಇಲ್ಲ ಎನ್ನುವ ಸಂಕಟ ನಮಗೆಲ್ಲ ಗೊತ್ತಿರುವುದೇ ತಾನೇ? ಅದಿರಲಿ. ಬ್ರೆಡ್ಡಿಗೆ ಹುಳಿ ಬೇಕು ಎನ್ನುವುದು ನಾನು ಸ್ಯಾಂಡ್‌ವಿಚ್‌ನಲ್ಲಿ ಕಲಿತ ಪಾಠಗಳಲ್ಲಿ ಒಂದು. ನಿಂಬೆ, ಸಿರ್ಕಾ, ಉಪ್ಪಿನಕಾಯಿ, ಪುದೀನ ಚಟ್ನಿ, ಯಾವುದಾದರೂ ಸರಿ. ಬ್ರೆಡ್ಡು, ಬೆಣ್ಣೆ, ಮೊಟ್ಟೆ, ಆಲೂಗಡ್ಡೆ ಎಲ್ಲವೂ ಸಪ್ಪೆ ಸ್ವಭಾವದವು. ಹುಳಿ ಬಿದ್ದರೆ ಎಚ್ಚರಗೊಳ್ಳುತ್ತವೆ. ಅದೂ ಟಿಫಿನ್ನಿನ ಸ್ಯಾಂಡ್‌ವಿಚ್‌ಗೆ ಉಪ್ಪು ಹುಳಿ ಒಂದು ಚಿಟಿಕೆ ಮುಂದೆಯೇ ಇರಬೇಕು. ತಣ್ಣಗಾದ ಪದಾರ್ಥದ ರುಚಿ ನಾಲಗೆಗೆ ಮಂದವಾಗಿ ತಿಳಿಯುತ್ತದೆ.

ಸ್ಯಾಂಡ್‌ವಿಚ್ ಎಂಬ ಹೆಸರು ಮಾತ್ರ ಇಂಗ್ಲೆಂಡಿನದ್ದು. ಸ್ಯಾಂಡ್‌ವಿಚ್ ಎಂಬ ಊರಿನ ಹೆಸರಿನ ಪದವಿ ಹೊಂದಿದ್ದ ಜಾನ್ ಮೊಂಟೆಗು ಎಂಬ ಶ್ರೀಮಂತ ಜೂಜಿನ ಮೇಜು ಬಿಟ್ಟೇಳಲು ಮನಸ್ಸಿಲ್ಲದೆ ಬ್ರೆಡ್ಡಿನ ನಡುವೆ ಮಾಂಸವಿಟ್ಟು ತರಿಸಿಕೊಂಡ ಎಂಬುದು ಎಲ್ಲರೂ ಹೇಳುವ ಕಥೆ. ಅದನ್ನು ಬರೆದಿಟ್ಟವನು ಒಬ್ಬ ಫ್ರೆಂಚ್ ಪ್ರವಾಸಿ. ಅವನ ಜೀವನಚರಿತ್ರೆ ಬರೆದ ಎನ್.ಎ.ಎಂ. ರಾಡ್ಜರ್ ಮಾತ್ರ, ಆತ ನೌಕಾಪಡೆಯ ಕೆಲಸದಲ್ಲಿ ಮುಳುಗಿ ಬರೆಯುವ ಮೇಜಿನಲ್ಲೇ ಹಾಗೆ ತಿಂದಿರುವ ಸಾಧ್ಯತೆ ಹೆಚ್ಚು ಎನ್ನುತ್ತಾರೆ. ಇತಿಹಾಸಕಾರ ಗಿಬ್ಬನ್ನನ ದಿನಚರಿಯಲ್ಲಿ 1762ರಲ್ಲೇ ಈ ತಿಂಡಿಯ ಹೆಸರು ಬರುತ್ತದೆ. ಕ್ಯಾಪ್ಟನ್ ಕುಕ್ ಹವಾಯಿ ದ್ವೀಪಗಳಿಗೂ ಅವನದೇ ಹೆಸರಿಟ್ಟಿದ್ದ. ದ್ವೀಪದಿಂದ ಆ ಹೆಸರು ಅಳಿಸಿಹೋಯಿತು, ಬ್ರೆಡ್ಡಿಗೆ ಅಂಟಿಕೊಂಡಿತು. ಜೂಜಿನ ಕಥೆ ಸುಳ್ಳಾಗಿರಲಿ ಎಂದು ನನ್ನ ಆಸೆ. ಮಕ್ಕಳ ಡಬ್ಬಿಗೆ ಹಾಕುವ ವಸ್ತುವಲ್ಲವೇ?

ನನ್ನ ಅಡುಗೆಗೆ ನಿಜವಾಗಿ ಗುರುವಾದದ್ದು ಮುಂಬೈಯ ಚಿಕ್ಕಮ್ಮ. ಮೂವತ್ತು ವರ್ಷಗಳಿಂದ ಕುರ್ಲಾದಲ್ಲಿದ್ದಾರೆ. ಅಲ್ಲಿ ಬೀದಿಬೀದಿಗೂ ಸ್ಯಾಂಡ್‌ವಿಚ್‌ವಾಲಾಗಳು. ಬಿಳಿ ಬ್ರೆಡ್ಡಿಗೆ ಬೆಣ್ಣೆ, ಹಸಿರು ಚಟ್ನಿ, ಬೇಯಿಸಿದ ಆಲೂಗಡ್ಡೆ, ಬೀಟ್‌ರೂಟ್, ಮುಳ್ಳುಸೌತೆ, ಟೊಮೆಟೊ, ಈರುಳ್ಳಿಯ ತೆಳು ಬಿಲ್ಲೆಗಳು, ಮೇಲೆ ಚಾಟ್ ಮಸಾಲ. ಬೇಕೆಂದರೆ ಉದ್ದ ಹಿಡಿಯ ಕಬ್ಬಿಣದ ಟೋಸ್ಟರಿನಲ್ಲಿಟ್ಟು ಬೆಂಕಿಯ ಮೇಲೆ ಹಿಡಿದು ಕೆಂಪಗೆ ಮಾಡಿಕೊಡುತ್ತಾರೆ. ಒಂದು ತುಂಡು ಮಾಂಸವಿಲ್ಲ, ಮೊಟ್ಟೆಯಿಲ್ಲ. ಆದರೂ ಅದನ್ನು ತಿಂದವರು ಮರೆಯುವುದಿಲ್ಲ. ಸೌತೆ, ಟೊಮೆಟೊದಂಥ ನೀರಿನ ತರಕಾರಿಗಳೇ ತುಂಬಿರುವ ಅದು ಯಾಕೆ ಪಿಚಿಪಿಚಿ ಆಗುವುದಿಲ್ಲ ಎಂದು ಕೇಳಿದೆ.

"ಬೆಣ್ಣೆ ಎಲ್ಲಿಯವರೆಗೆ ಹಚ್ಚುತ್ತೀ ನೀನು?" ಎಂದು ಚಿಕ್ಕಮ್ಮ ತಿರುಗಿ ಕೇಳಿದರು.

"ನಡುವಿಗೆ."

"ಅದೇ ತಪ್ಪು. ನಾಲ್ಕೂ ಮೂಲೆಗೆ ಹೋಗಬೇಕು. ಒಂದು ಬೆರಳಿನಷ್ಟೂ ಜಾಗ ಬಿಡಬಾರದು. ಬೆಣ್ಣೆ ರುಚಿಗೆ ಮಾತ್ರ ಅಂತ ಎಣಿಸಿದ್ದೀಯಾ? ಅದು ಮಾಡಿಗೆ ಹೊದಿಸುವ ಟರ್ಪಾಲಿನ ಹಾಗೆ."

ಮಳೆಗಾಲದ ನಮ್ಮೂರಲ್ಲಿ ಇದಕ್ಕಿಂತ ಚೆನ್ನಾಗಿ ಹೇಳಲು ಸಾಧ್ಯವಿಲ್ಲ. ಕೊಬ್ಬಿನ ಮೂಲಕ ನೀರು ಇಳಿಯುವುದಿಲ್ಲ. ಎರಡೂ ಬ್ರೆಡ್ಡಿನ ಒಳಮೈಗೆ ತೆಳುವಾಗಿ, ಪೂರ್ತಿಯಾಗಿ ಬೆಣ್ಣೆ ಹಚ್ಚಿದರೆ ಒಳಗಿನ ತೇವ ಬ್ರೆಡ್ಡಿಗೆ ಸುಲಭದಲ್ಲಿ ಇಳಿಯದು. ಫ್ರಿಜ್ಜಿನಿಂದ ತೆಗೆದ ಗಟ್ಟಿ ಬೆಣ್ಣೆಯನ್ನು ಉಜ್ಜಿದರೆ ಬ್ರೆಡ್ ಹರಿಯುತ್ತದೆ. ರಾತ್ರಿಯೇ ಹೊರಗಿಟ್ಟು ಮೆತ್ತಗಾಗಿಸಿಕೊಳ್ಳಬೇಕು. ನಾನು ಇಷ್ಟು ವರ್ಷ ಜಾಮನ್ನು ಬರೀ ಬ್ರೆಡ್ಡಿಗೆ ಹಚ್ಚುತ್ತಿದ್ದೆ. ಜಾಮ್ ಸ್ಯಾಂಡ್‌ವಿಚ್ ಅರ್ಧ ಉಳಿದು ಬಂದದ್ದರ ಕಾರಣ ಆಗ ತಿಳಿಯಿತು.

ಉಳಿದ ಪಾಠಗಳೂ ಹೀಗೆ ಸಣ್ಣಸಣ್ಣವೇ. ಸೌತೆಯ ಬಿಲ್ಲೆಗೆ ಚಿಟಿಕೆ ಉಪ್ಪು ಹಾಕಿ ಹತ್ತು ನಿಮಿಷ ಇಟ್ಟರೆ ಅದು ತನ್ನ ನೀರನ್ನು ಬಿಟ್ಟುಕೊಡುತ್ತದೆ. ಬಟ್ಟೆಯಲ್ಲಿ ಒತ್ತಿ ಒರೆಸಿದರಾಯಿತು. ಟೊಮೆಟೊದ ಬೀಜದ ಲೋಳೆಯನ್ನು ತೆಗೆದು ಹಾಕಬೇಕು. ಅದನ್ನು ಬ್ರೆಡ್ಡಿಗೆ ತಾಗಿಸದೆ ಆಲೂಗಡ್ಡೆ, ಸೌತೆಯ ನಡುವೆ ಇಡಬೇಕು. ಹಸಿರು ಚಟ್ನಿಗೆ ಒಂದು ಕಟ್ಟು ಕೊತ್ತಂಬರಿ ಸೊಪ್ಪು, ಒಂದು ಹಿಡಿ ಪುದೀನ, ಮೂರು ಹಸಿಮೆಣಸು, ಅರ್ಧ ಚಮಚ ಜೀರಿಗೆ, ಅರ್ಧ ನಿಂಬೆ, ಉಪ್ಪು. ಇದರ ಜೊತೆ ಎರಡು ಚಮಚ ಹುರಿಗಡಲೆ ಹಾಕಿ ಆದಷ್ಟು ನೀರಿಲ್ಲದೆ ರುಬ್ಬಿದರೆ ಚಟ್ನಿ ಹರಿದಾಡುವುದಿಲ್ಲ. ಚಮಚದಲ್ಲಿ ಎತ್ತಿದರೆ ನಿಲ್ಲಬೇಕು, ಅಷ್ಟು ಗಟ್ಟಿ.

ಬ್ರೆಡ್ ಅಂದೇ ಬೇಯಿಸಿದ್ದಾದರೆ ಸ್ಯಾಂಡ್‌ವಿಚ್‌ಗೆ ಕಷ್ಟ, ಚೂರಿ ಇಟ್ಟರೆ ಮುದುಡುತ್ತದೆ. ಒಂದು ದಿನ ಹಳತಾದದ್ದು ಒಳ್ಳೆಯದು. ಆದರೆ ಹಳತಾಗುವುದೆಂದು ಫ್ರಿಜ್ಜಿನಲ್ಲಿಡಬೇಡಿ. ನಾನು ಇಡುತ್ತಿದ್ದೆ. ಫ್ರಿಜ್ಜಿನ ತಂಪಿನಲ್ಲಿ ಬ್ರೆಡ್ಡಿನೊಳಗಿನ ಪಿಷ್ಟ ಹೊರಗಿಟ್ಟದ್ದಕ್ಕಿಂತ ಬೇಗ ಗಟ್ಟಿಯಾಗಿ ಬ್ರೆಡ್ ಒಣಗಿದಂತಾಗುತ್ತದೆ. ಮಳೆಗಾಲದಲ್ಲಿ ಬೂಸ್ಟು ಬರುವ ಭಯವಿದ್ದರೆ ಮೇಲಿನ ಫ್ರೀಜರಿನಲ್ಲಿಡುವುದು ವಾಸಿ, ಅಥವಾ ಸಣ್ಣ ಪೌಂಡು ತಂದು ಎರಡು ದಿನದಲ್ಲಿ ಮುಗಿಸುವುದು.

ಇನ್ನು ಮೊಟ್ಟೆ ನಾರುವ ವಿಷಯ. ಇದರಲ್ಲಿ ಮಗಳ ದೂರು ಪೂರ್ತಿ ಸರಿ. ನಾನು ಮೊಟ್ಟೆಯನ್ನು ಒಲೆಯ ಮೇಲಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಿದ್ದೆ. ಇಪ್ಪತ್ತು ನಿಮಿಷವೋ ಅರ್ಧ ಗಂಟೆಯೋ ಕುದಿಯುತ್ತಲೇ ಇರುತ್ತಿತ್ತು. ಹಾಗೆ ಹೆಚ್ಚು ಬೆಂದರೆ ಬಿಳಿಭಾಗದಿಂದ ಗಂಧಕದ ವಾಸನೆ ಹೊರಡುತ್ತದೆ. ಅದು ಹಳದಿಯಲ್ಲಿರುವ ಕಬ್ಬಿಣದೊಂದಿಗೆ ಸೇರಿ ಹಳದಿಯ ಸುತ್ತ ಹಸಿರು ಮಿಶ್ರಿತ ಬೂದು ಬಣ್ಣದ ಬಳೆ ಕಟ್ಟುತ್ತದೆ. ನೀವೂ ನೋಡಿರುತ್ತೀರಿ. ಕುದಿ ಬಂದ ಮೇಲೆ ಹತ್ತು ನಿಮಿಷ ಸಾಕು. ಕೂಡಲೇ ತೆಗೆದು ತಣ್ಣೀರಿಗೆ ಹಾಕಬೇಕು. ಈಗ ನಾನು ಮಾಡುವುದು ಹೀಗೆ: ಮೂರು ಮೊಟ್ಟೆ ಹಿಸುಕಿ, ಒಂದು ಚಮಚ ಮೆತ್ತಗಿನ ಬೆಣ್ಣೆ, ಕಾಳುಮೆಣಸಿನ ಪುಡಿ, ಉಪ್ಪು, ಕೆಲವು ಹನಿ ಸಿರ್ಕಾ, ಸಣ್ಣಗೆ ಹೆಚ್ಚಿದ ಈರುಳ್ಳಿ. ಈರುಳ್ಳಿಯನ್ನು ಉಪ್ಪಿನಲ್ಲಿ ಹಿಂಡಿ ಹಾಕಿದರೆ ಅದರ ಘಾಟೂ ಇಲ್ಲ, ನೀರೂ ಇಲ್ಲ. ಬಳೆಯಿಲ್ಲದ ಮೊಟ್ಟೆ ಎಷ್ಟು ಚೆಂದದ ಹಳದಿ ಎಂದು ಮಗಳಿಗೆ ತೋರಿಸಿದೆ. "ಅಂಗಡಿಯದ್ದರ ಹಾಗೆ ಉಂಟು" ಎಂದಳು. ಅವಳ ಬಾಯಿಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಇದಕ್ಕೆ ಮಯೋನೀಸ್ ಹಾಕಬಹುದಲ್ಲ ಎಂದು ಕೆಲವರು ಕೇಳಬಹುದು. ಮನೆಯಲ್ಲಿ ಹಸಿ ಮೊಟ್ಟೆಯಿಂದ ಕಡೆದ ಮಯೋನೀಸ್ ಅನ್ನು ಮಕ್ಕಳ ಡಬ್ಬಿಗೆ ನಾನಂತೂ ಹಾಕುವುದಿಲ್ಲ. ನಮ್ಮ ಕರಾವಳಿಯ ಸೆಕೆಗೆ ಅದು ಆಗುವಂಥದ್ದಲ್ಲ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರುವ ಸಾಧ್ಯತೆಯಿದೆ. 2023ರ ಜನವರಿಯಲ್ಲಿ ಕೇರಳ ಸರಕಾರ ಹೋಟೆಲುಗಳಲ್ಲಿ ಹಸಿ ಮೊಟ್ಟೆಯ ಮಯೋನೀಸನ್ನು ನಿಷೇಧಿಸಿತು. ಅದಕ್ಕೆ ಮುಂಚೆ 2022ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಒಬ್ಬಳು ವಿದ್ಯಾರ್ಥಿನಿ ತೀರಿಕೊಂಡದ್ದು ನಮ್ಮ ಭಾಗದ ಯಾರೂ ಮರೆತಿರಲಾರರು. ಶವರ್ಮಾ ಕೂಡಾ ರೊಟ್ಟಿಯೊಳಗೆ ಮಾಂಸ ಸುತ್ತಿದ ಸ್ಯಾಂಡ್‌ವಿಚ್ಚೇ. ಅಂದು ಕಾರಣವಾದದ್ದು ಶಿಗೆಲ್ಲ ಎಂಬ ಬೇರೆಯೇ ರೋಗಾಣು. ಮಾಂಸ ಪೂರ್ತಿ ಬೇಯಬೇಕು, ಬೆಂದದ್ದು ಹೆಚ್ಚು ಹೊತ್ತು ಹೊರಗಿರಬಾರದು, ಮುಟ್ಟುವ ಕೈ ಶುದ್ಧವಿರಬೇಕು. ರುಚಿಯ ಮಾತೆಲ್ಲ ಅದರ ನಂತರ.

ಕಾವಲಿಯಲ್ಲಿ ಕೆಂಪಗೆ ಮಾಡಿದ್ದನ್ನು ಬಿಸಿಯಿರುವಾಗಲೇ ಡಬ್ಬಿಗೆ ಹಾಕಿ ಮುಚ್ಚುವುದು ನನ್ನ ಇನ್ನೊಂದು ತಪ್ಪಾಗಿತ್ತು. ಒಳಗೆ ಹಬೆ ಹನಿಗಟ್ಟಿ ಅದೇ ಮೇಲಿಂದ ಸುರಿಯುತ್ತದೆ. ಈಗ ಜಾಲರಿಯ ಮೇಲಿಟ್ಟು ಪೂರ್ತಿ ಆರಿಸಿ, ಬೆಣ್ಣೆ ಕಾಗದದಲ್ಲಿ ಸುತ್ತಿ ಇಡುತ್ತೇನೆ. ಹತ್ತು ನಿಮಿಷ ಬೇಗ ಏಳಬೇಕಾಗುತ್ತದೆ, ಅಷ್ಟೆ. ಫಜ್ರ್ ನಮಾಝಿನ ನಂತರ ಇನ್ನೊಮ್ಮೆ ಮಲಗುವ ಅಭ್ಯಾಸವಿದ್ದವಳು ನಾನು. ಅದು ತಪ್ಪಿತು.

ಡಬ್ಬಿ ಖಾಲಿಯಾಗಿ ಬರತೊಡಗಿತು. ಅಷ್ಟೇ ಅಲ್ಲ, "ಚಟ್ನಿಯದ್ದು ನಾಲ್ಕು ತುಂಡು ಹೆಚ್ಚು ಹಾಕಿ ಉಮ್ಮಾ, ನನ್ನ ಪಕ್ಕದವಳಿಗೆ ಬೇಕಂತೆ. ಅವರು ಮೊಟ್ಟೆ ತಿನ್ನುವುದಿಲ್ಲ" ಎಂದಳು. ಆ ಮಗುವಿಗೆಂದು ಚೂರಿ, ಮಣೆ ಬೇರೆಯೇ ತೊಳೆದಿಟ್ಟು ಮೊದಲು ಚಟ್ನಿಯದ್ದನ್ನು ಮಾಡಿ, ಬೇರೆ ಕಾಗದದಲ್ಲಿ ಸುತ್ತುತ್ತೇನೆ. ಅವರ ಮನೆಯಿಂದ ಒಂದು ದಿನ ನೀರುದೋಸೆ ಬಂತು, ತೆಂಗಿನಕಾಯಿ ಬೆಲ್ಲ ಸಮೇತ.

ಇಷ್ಟೆಲ್ಲ ಆದ ಮೇಲೆ ಉಮ್ಮನಿಗೆ ಫೋನ್ ಮಾಡಿದೆ. ಅವರಲ್ಲಿ ಮಾತ್ರ ಕೇಳಿರಲಿಲ್ಲ. ಅವರ ಕಾಲದಲ್ಲಿ ಸ್ಯಾಂಡ್‌ವಿಚ್ ಎಲ್ಲಿತ್ತು, ಏನು ಹೇಳಿಯಾರು ಎಂದುಕೊಂಡಿದ್ದೆ. "ನಿಮಗೆ ಇಷ್ಟದ ಸ್ಯಾಂಡ್‌ವಿಚ್ ಯಾವುದು ಉಮ್ಮಾ?" ಎಂದು ತಮಾಷೆಗೆ ಕೇಳಿದೆ.

ಉಮ್ಮ ಯೋಚಿಸಲೇ ಇಲ್ಲ. "ಖೀಮಾದ್ದು. ಘಟ್ಟದಲ್ಲಿರುವಾಗ ನಿನಗೆ ಶಾಲೆಗೆ ಕಟ್ಟಿಕೊಡ್ತಿದ್ದೆನಲ್ಲ, ಅದು."

"ಅದನ್ನು ನೀವು ತಿಂದಿದ್ದೀರಾ?"

"ನಾನೆಲ್ಲಿ ತಿಂದದ್ದು? ಆಗ ಇದ್ದದ್ದೇ ಸ್ವಲ್ಪ. ನಿನ್ನ ಡಬ್ಬಿಯಲ್ಲಿ ಯಾವಾಗಲೂ ಏನಾದರೂ ಉಳಿದು ಬರ್ತಿತ್ತು. ಒಂದು ಪುಡಿಯೂ ಬಿಡದೆ ಖಾಲಿ ಮಾಡಿ ತಂದದ್ದು ಅದೊಂದನ್ನೇ."

ನಾನು ಏನೂ ಹೇಳಲಿಲ್ಲ. ಇಷ್ಟು ವರ್ಷ ಹೇಳದ್ದನ್ನು ಫೋನಿನಲ್ಲಿ ಹೇಗೆ ಹೇಳುವುದು? ಇನ್ನು ಹೇಳಿ ಯಾರಿಗೆ ಏನು ಸಿಗಬೇಕು? "ಹೌದು ಉಮ್ಮಾ, ಬಹಳ ರುಚಿಯಿತ್ತು" ಎಂದೆ. ಅದು ಸುಳ್ಳೇ ಎಂದು ಆಮೇಲೆ ಬಹಳ ಹೊತ್ತು ಯೋಚಿಸಿದೆ. ಮನೆಯಲ್ಲಿ ಬಾಣಲೆಯಿಂದಲೇ ಒಂದು ಚಮಚ ಖೀಮಾ ತಿಂದು ಶಾಲೆಗೆ ಓಡಿದ್ದು ನೆನಪಿದೆ. ರುಚಿ ಇತ್ತು.

ಈ ಸಲದ ಬಕ್ರೀದಿಗೆ ಉಮ್ಮ ನಮ್ಮ ಮನೆಗೆ ಬಂದಿದ್ದರು. ಹಬ್ಬದ ಮರುದಿನ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಕಥೆಯನ್ನೆಲ್ಲ ಹೇಳಿದ್ದಾರೆ. ಭಾನುವಾರ ರಾತ್ರಿ ಮಗಳು ಅಡುಗೆಮನೆಗೆ ಬಂದು ನಿಂತಳು.

"ಉಮ್ಮಾ, ನಾಳೆ ನನಗೆ ಖೀಮಾ ಸ್ಯಾಂಡ್‌ವಿಚ್. ನೀವು ಶಾಲೆಗೆ ಒಯ್ಯುತ್ತಿದ್ದಿರಂತಲ್ಲ, ಅಂಥದ್ದು."

"ಸೆಕೆ ಉಂಟು. ಮಾಂಸ ಹಾಳಾಗ್ತದೆ."

"ಮೊಟ್ಟೆ ಹಾಳಾಗುವುದಿಲ್ಲವಾ?"

ಉತ್ತರ ಹೊಳೆಯಲಿಲ್ಲ. ಉಮ್ಮ ಆಗಲೇ ಖೀಮಾವನ್ನು ಒಲೆಗೇರಿಸಿದ್ದರು. ನೀರು ಪೂರ್ತಿ ಆರುವವರೆಗೆ ಸಣ್ಣ ಉರಿಯಲ್ಲಿ ಹುರಿದು, ಕರಿಮೆಣಸು ಕುಟ್ಟಿ ಹಾಕಿ, ಕೊನೆಗೆ ನಿಂಬೆ ಹಿಂಡಿದರು. ಅದೇ ಪರಿಮಳ. ಆರಿಸಿ ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ಕಾವಲಿಯಲ್ಲಿ ಇನ್ನೊಮ್ಮೆ ಚೆನ್ನಾಗಿ ಬಿಸಿ ಮಾಡಿ ಹರಡಿ ಆರಿಸಿದೆ. ಬ್ರೆಡ್ಡಿನ ನಾಲ್ಕು ಮೂಲೆಗೂ ಬೆಣ್ಣೆ ಹಚ್ಚಿ, ಖೀಮಾ ಇಟ್ಟು ಒತ್ತಿ, ತುಪ್ಪದಲ್ಲಿ ಕೆಂಪಗೆ ಮಾಡಿದೆ. ಜಾಲರಿಯ ಮೇಲೆ ಅದು ಆರುತ್ತಿತ್ತು. ಡಬ್ಬಿ ತೆರೆದೇ ಇತ್ತು.

ಕೈ ಅಲ್ಲಿಯವರೆಗೆ ಹೋಗಿ ನಿಂತಿತು. ಕೊನೆಗೆ ಮೊಟ್ಟೆಯದ್ದನ್ನೇ ಮಾಡಿ ಡಬ್ಬಿಗೆ ಹಾಕಿದೆ. ಖೀಮಾದ್ದನ್ನು ಕಾಗದದಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟೆ.

ಸಂಜೆ ನಾಲ್ಕಕ್ಕೆ ಬಂದವಳು ಬ್ಯಾಗ್ ಕೂಡಾ ಇಳಿಸದೆ, ಕೈ ತೊಳೆದು, ಬಿಸಿ ಮಾಡಿಕೊಟ್ಟ ಸ್ಯಾಂಡ್‌ವಿಚ್ಚನ್ನು ಕಟ್ಟೆಗೆ ಒರಗಿ ನಿಂತೇ ತಿಂದಳು. ಉಮ್ಮ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಅರ್ಧ ಮುರಿದು ನಾನು ಉಮ್ಮನಿಗೆ ಕೊಟ್ಟೆ. ಮೆಲ್ಲಗೆ ಜಗಿದು, "ಉಪ್ಪು ಸರಿಯಾಗಿದೆ" ಎಂದರು.

"ನಾಳೆಗೆ ಡಬ್ಬಿಗೆ ಹಾಕ್ತೀರಾ?" ಮಗಳು ಕೇಳಿದಳು.

"ನೋಡುವಾ" ಎಂದೆ.